ಚಿಗುರು ಕೊಯ್ದಂತೆ ವಚನ ಕೊಯ್ಯಬೇಡಿ



ಚಹಾ ಎಲೆ ಕೊಯ್ಯುವುದು ಹೇಗೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಎರಡು ಎಲೆ, ಒಂದು ಮೊಗ್ಗು. ಅದಕ್ಕಿಂತ ಕೆಳಗೆ ಕೈ ಹೋದರೆ ಗಟ್ಟಿ ಎಲೆ ಬಂತೆಂದು ತೂಕದ ಹತ್ತಿರ ಮೇಸ್ತ್ರಿ ಬೈಯುತ್ತಾನೆ, ಕಿಲೋ ಕಳೆಯುತ್ತಾನೆ. ಚಹಾಕ್ಕೆ ಅದು ಸರಿ. ಅಲ್ಲಿ ತುದಿ ಮಾತ್ರ ಬೇಕು, ಕಾಂಡ ಯಾರಿಗೂ ಬೇಡ. ಆದರೆ ದೇವರ ವಾಕ್ಯವನ್ನೂ ನಾವು ಇದೇ ರೀತಿ ಕೊಯ್ಯಲು ಕಲಿತುಬಿಟ್ಟಿದ್ದೇವಲ್ಲ, ಅದು ಸರಿಯೇ? ಅಲ್ಲ ಎಂದು ಹೇಳುವುದಕ್ಕಾಗಿಯೇ ಈ ಬರಹ. ಕೆಲವರಿಗೆ ಕೋಪ ಬರಬಹುದು. ಬರಲಿ. ಕೋಪ ಬಂದವರು ಕೊನೆಯವರೆಗೆ ಓದಿ ಆಮೇಲೆ ಬೈಯಲಿ ಎಂದಷ್ಟೇ ನಮ್ಮ ಬಿನ್ನಹ.

ನಾವು ಭಾನುವಾರ ಉಪದೇಶಿ, ಉಳಿದ ಸಂಜೆಗಳಲ್ಲಿ ಯೂನಿಯನ್ನಿನ ಚಂದಾ ಬರೆಯುವವರು. ಓದಿದ್ದು ಎಸ್‌ಎಸ್‌ಎಲ್‌ಸಿ. ದೊಡ್ಡ ವೇದಶಾಸ್ತ್ರ ನಮಗೆ ತಿಳಿಯದು. ಆದರೆ ಪಾಡಿಗಳಲ್ಲಿ ಮನೆಮನೆಗೆ ಹೋಗುವವರಾದ್ದರಿಂದ ಸತ್ಯವೇದ ಯಾವ ಮನೆಯಲ್ಲಿ ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತು. ಟ್ರಂಕಿನ ತಳದಲ್ಲಿದೆ. ಟಿ.ವಿ. ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಹೂವಿನ ಪಕ್ಕದಲ್ಲಿದೆ. ಮದುವೆಯ ದಿನ ಕೊಟ್ಟದ್ದು, ಹಾಳೆಯ ಅಂಚಿನ ಕೆಂಪು ಬಣ್ಣ ಇನ್ನೂ ಮಾಸಿಲ್ಲ.

ಹೊಸ ವರ್ಷದ ಆರಾಧನೆಯಲ್ಲಿ ತಟ್ಟೆಯಿಂದ ಒಂದು ವಾಗ್ದಾನದ ಕಾರ್ಡು ತೆಗೆಯುತ್ತೇವೆ. ಮನಸ್ಸಿಗೆ ಒಪ್ಪಿದರೆ ಗೋಡೆಗೆ ಅಂಟಿಸುತ್ತೇವೆ. ಒಪ್ಪದಿದ್ದರೆ ಇನ್ನೊಂದು ತೆಗೆಯಬಹುದೇ ಎಂದು ಅತ್ತಿತ್ತ ನೋಡುತ್ತೇವೆ. ಬೆಳಿಗ್ಗೆ ಫೋನು ತೆರೆದರೆ ಹೂವಿನ ಚಿತ್ರದ ಮೇಲೆ ಒಂದು ವಚನ ಬಂದಿರುತ್ತದೆ. ಅದನ್ನು ಹತ್ತು ಮಂದಿಗೆ ಕಳುಹಿಸಿ ಇಂದಿನ ವೇದಪಾಠ ಮುಗಿಯಿತು ಎಂದುಕೊಳ್ಳುತ್ತೇವೆ. ಕಷ್ಟ ಬಂದಾಗ ಕಣ್ಣು ಮುಚ್ಚಿ ಪುಸ್ತಕ ತೆರೆದು ಬೆರಳಿಟ್ಟ ಕಡೆ ಓದುತ್ತೇವೆ. ಮಗುವಿಗೆ ಜ್ವರ ಬಂದರೆ ಪುಸ್ತಕವನ್ನು ತಲೆದಿಂಬಿನ ಕೆಳಗೆ ಇಡುತ್ತೇವೆ. ಇವುಗಳ ಹಿಂದಿರುವ ಭಕ್ತಿಯನ್ನು ನಾವು ಹೀಯಾಳಿಸುವುದಿಲ್ಲ. ನಮ್ಮ ತಾಯಿಯೂ ತಲೆದಿಂಬಿನ ಕೆಳಗೆ ಇಟ್ಟವರೇ. ಆದರೆ ಇದು ಓದುವುದಲ್ಲ. ತಾಯಿತ ಕಟ್ಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ.

ಸಂಬಳದ ಚೀಟಿಯನ್ನು ನಾವು ಹೇಗೆ ಓದುತ್ತೇವೆ? ಹಾಜರಿ ಎಷ್ಟು, ಹೆಚ್ಚು ಕಿಲೋಗೆ ಎಷ್ಟು ಬಂತು, ಮುಂಗಡಕ್ಕೆ ಎಷ್ಟು ಹಿಡಿದರು, ಭವಿಷ್ಯನಿಧಿಗೆ ಎಷ್ಟು ಹೋಯಿತು ಎಂದು ಸಾಲು ಸಾಲಾಗಿ ಬೆರಳಿಟ್ಟು ನೋಡುತ್ತೇವೆ. ತಿಳಿಯದಿದ್ದರೆ ಪಕ್ಕದ ಮನೆಯ ಹುಡುಗನಿಗೆ ತೋರಿಸುತ್ತೇವೆ. ಒಂದು ಸಾಲು ತಪ್ಪಿದ್ದರೆ ಆಫೀಸಿಗೆ ಹೋಗಿ ಕೇಳುತ್ತೇವೆ. ಚೀಟಿಯಲ್ಲಿ ಚೆಂದವಾಗಿ ಕಂಡ ಒಂದು ಅಂಕಿಯನ್ನು ಮಾತ್ರ ಕತ್ತರಿಸಿ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದವನನ್ನು ನಾವು ಇದುವರೆಗೆ ಕಂಡಿಲ್ಲ. ಏಕೆಂದರೆ ಅದು ಹೊಟ್ಟೆಯ ವಿಷಯ. ಹಾಗಾದರೆ ಆತ್ಮದ ವಿಷಯ ಹೊಟ್ಟೆಗಿಂತ ಕಡಿಮೆಯೇ?

ಪುಟ ತಿರುವಿದ ಅಜ್ಜಿ

ಕೆಲವು ವರ್ಷಗಳ ಹಿಂದೆ ಒಂದು ತೋಟದಲ್ಲಿ ಬೋನಸ್ ವಿಷಯವಾಗಿ ತಕರಾರು ನಡೆದಿತ್ತು. ಸೋಮವಾರ ಗೇಟ್ ಮೀಟಿಂಗ್ ಎಂದು ತೀರ್ಮಾನವಾಗಿತ್ತು. ಹಿಂದಿನ ದಿನ ಭಾನುವಾರದ ಆರಾಧನೆಗೆ ಹೊರಗಿನಿಂದ ಪ್ರಸಂಗಿಯೊಬ್ಬರು ಬಂದರು. ಯಾರು ಕರೆಸಿದರೋ, ಯಾರ ಜೀಪಿನಲ್ಲಿ ಬಂದರೋ, ಅದು ಬೇಡ. ಅವರು ಓದಿದ್ದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯ 22ನೆಯ ವಚನ. ದಾಸರು ತಮ್ಮ ಯಜಮಾನರಿಗೆ ಎಲ್ಲಾ ವಿಷಯದಲ್ಲಿಯೂ ವಿಧೇಯರಾಗಿರಬೇಕು ಎಂದು ಪೌಲನು ಹೇಳುವ ಜಾಗ. ಅದೊಂದನ್ನೇ ಹಿಡಿದು ಮುಕ್ಕಾಲು ಗಂಟೆ ಮಾತಾಡಿದರು. ಜನ ತಲೆ ತಗ್ಗಿಸಿ ಕುಳಿತರು. ಕೆಲವರು ತಿರುಗಿ ನಮ್ಮ ಮುಖ ನೋಡಿದರು.

ಸಂಜೆ ಪಾಡಿಯ ಜಗಲಿಯಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಕೂಡಿಸಿಕೊಂಡಿದ್ದರು. ಮೂವತ್ತು ವರ್ಷಕ್ಕೂ ಮೇಲೆ ಎಲೆ ಕೊಯ್ದ ಕೈ. ಅಕ್ಷರ ಬಾರದು. ಹುಡುಗ ತಮಿಳು ಶಾಲೆಯಲ್ಲಿ ಓದುವವನು. ಕನ್ನಡವನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾನೆ. "ಅಯ್ಯನೋರು ಓದಿದ್ದಕ್ಕೆ ಮುಂದೆ ಏನದೆ, ಓದು ಮಗಾ" ಎಂದರು ಅಜ್ಜಿ. ಹುಡುಗ 25ನೆಯ ವಚನದವರೆಗೆ ಓದಿ, "ಮುಗೀತಜ್ಜೀ" ಎಂದ. "ಪುಸ್ತಕ ಮುಗೀತೋ, ಅಧ್ಯಾಯ ಮುಗೀತೋ?" "ಅಧ್ಯಾಯ." "ಹಂಗಾರೆ ಇನ್ನೂ ಅದೆ. ಮುಂದಕ್ಕೆ ಓದು."

ಹುಡುಗ ಪುಟ ತಿರುವಿದ. 4ನೆಯ ಅಧ್ಯಾಯದ ಮೊದಲನೆಯ ವಚನ ಯಜಮಾನರಿಗೆ ಹೇಳಿದ್ದು. ಅವರು ತಮ್ಮ ದಾಸರಿಗೆ ನ್ಯಾಯವಾದದ್ದನ್ನೂ ಸಮವಾದದ್ದನ್ನೂ ಕೊಡಬೇಕು, ಏಕೆಂದರೆ ಅವರ ಮೇಲೂ ಪರಲೋಕದಲ್ಲಿ ಒಬ್ಬ ಯಜಮಾನನಿದ್ದಾನೆ ಎಂದು ಅಲ್ಲಿದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಮ್ಮ ಕಡೆ ತಿರುಗಿ, "ಇದನ್ನ ಯಾಕೆ ಓದಲಿಲ್ಲ?" ಎಂದು ಕೇಳಿದರು. ಪ್ರಸಂಗಿಯ ಮೇಲೆ ತಪ್ಪು ಹಾಕಿ ನಾವು ಪಾರಾಗಬಹುದಿತ್ತು. ಆದರೆ ಸತ್ಯ ಏನೆಂದರೆ, ಇಷ್ಟು ವರ್ಷ ಉಪದೇಶಿಗಳಾಗಿದ್ದರೂ ಆ ಎರಡು ವಚನಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದು ನಾವೂ ಗಮನಿಸಿರಲಿಲ್ಲ. ನಾವೂ ಅಧ್ಯಾಯದ ಕೊನೆಯಲ್ಲಿ ಪುಸ್ತಕ ಮುಚ್ಚುತ್ತಿದ್ದವರೇ.

ಅಧ್ಯಾಯದ ಬೇಲಿ ಹಾಕಿದವನು ಪೌಲನಲ್ಲ

ಆಮೇಲೆ ಕೇಳಿ ತಿಳಿದುಕೊಂಡೆವು. ಪೌಲನು ಬರೆದದ್ದು ಕಾಗದ. ಕಾಗದದಲ್ಲಿ ಅಧ್ಯಾಯ ಎಲ್ಲಿಂದ ಬರಬೇಕು? ಈಗಿರುವ ಅಧ್ಯಾಯದ ವಿಂಗಡಣೆ 13ನೆಯ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಎಂಬ ಇಂಗ್ಲೆಂಡಿನ ಪಂಡಿತರಿಂದ ಬಂತೆಂದು ಹೇಳುತ್ತಾರೆ. ಹೊಸ ಒಡಂಬಡಿಕೆಯ ವಚನಗಳಿಗೆ ಈಗಿನ ಅಂಕಿ ಹಾಕಿದವರು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕರು, 1551ರಲ್ಲಿ. ಹುಡುಕಲು ಅನುಕೂಲವಾಗಲಿ ಎಂದು ಹಾಕಿದ್ದು. ತೋಟದಲ್ಲಿ ಫೀಲ್ಡಿಗೆ ನಂಬರು ಹಾಕಿದ ಹಾಗೆ. ನಂಬರು ಬದಲಾದರೆ ಮಣ್ಣು ಬದಲಾಗುತ್ತದೆಯೇ? ಕೊಲೊಸ್ಸೆಯಲ್ಲಿ ಆಳಿಗೆ ಹೇಳಿದ ಮಾತು ಒಂದು ಅಧ್ಯಾಯದಲ್ಲಿಯೂ ಒಡೆಯನಿಗೆ ಹೇಳಿದ ಮಾತು ಇನ್ನೊಂದರಲ್ಲಿಯೂ ಬಿದ್ದುಬಿಟ್ಟಿತು. ಆ ಸಂದಿಯಲ್ಲಿ ಅದೆಷ್ಟು ಪ್ರಸಂಗಗಳು ನುಸುಳಿಹೋದವೋ ದೇವರೇ ಬಲ್ಲ.

ಅಜ್ಜಿ ಅಲ್ಲಿಗೂ ಬಿಡಲಿಲ್ಲ. ಮರುದಿನ ಸಂಜೆ ಆ ಪತ್ರಿಕೆಯನ್ನು ಕೊನೆಯವರೆಗೆ ಓದಿಸಿದರು. 4ನೆಯ ಅಧ್ಯಾಯದ 9ನೆಯ ವಚನದಲ್ಲಿ ಒನೇಸಿಮ ಎಂಬ ಹೆಸರು ಬರುತ್ತದೆ. ತುಖಿಕನ ಜೊತೆಯಲ್ಲಿ ಪೌಲನು ಅವನನ್ನು ಕೊಲೊಸ್ಸೆಗೆ ಕಳುಹಿಸುತ್ತಾನೆ, ನಂಬಿಗಸ್ತನಾದ ಪ್ರಿಯ ಸಹೋದರನೆಂದು ಕರೆಯುತ್ತಾನೆ. ಈ ಒನೇಸಿಮ ಯಾರು? ಫಿಲೆಮೋನನಿಗೆ ಬರೆದ ಪತ್ರಿಕೆ ತೆರೆಯಿರಿ, ಬರೀ 25 ವಚನ. ಅವನು ಫಿಲೆಮೋನನ ದಾಸ. ಯಜಮಾನನನ್ನು ಬಿಟ್ಟು ಬಂದವನು. ಇನ್ನು ಮೇಲೆ ಅವನನ್ನು ದಾಸನಂತೆ ಅಲ್ಲ, ಸಹೋದರನಂತೆ ಸೇರಿಸಿಕೋ ಎಂದು ಪೌಲನು ಯಜಮಾನನನ್ನು ಬೇಡಿಕೊಳ್ಳುತ್ತಾನೆ. ಸಾಲವಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎನ್ನುತ್ತಾನೆ. ಅಂದರೆ ದಾಸರಿಗೆ ವಿಧೇಯತೆ ಹೇಳಿದ ಆ ಕಾಗದ ಕೊಲೊಸ್ಸೆಗೆ ಹೋದದ್ದು ಸಹೋದರನೆಂದು ಹೆಸರು ಪಡೆದ ಒಬ್ಬ ದಾಸನ ಜೊತೆಯಲ್ಲಿ. ಬರೆದವನಾದರೋ ತನ್ನ ಬೇಡಿಗಳನ್ನು ಜ್ಞಾಪಕಮಾಡಿಕೊಳ್ಳಿರೆಂದು ಕೊನೆಯಲ್ಲಿ ಹೇಳುವ ಸೆರೆಯಾಳು. ಒಂದೇ ವಚನ ಕೊಯ್ದವನಿಗೆ ಇದೆಲ್ಲ ಎಲ್ಲಿ ಸಿಕ್ಕೀತು?

ಇನ್ನೊಂದು ಮಾತು. ಅಲ್ಲಿ ದಾಸ ಎಂದರೆ ಹಣ ಕೊಟ್ಟು ಕೊಂಡ ಆಳು. ನಾವು ದಾಸರಲ್ಲ, ಕೂಲಿಗೆ ದುಡಿಯುವವರು. ಕೂಲಿಯಾಳಿನ ವಿಷಯವನ್ನು ಸತ್ಯವೇದ ಬೇರೆಯಾಗಿಯೇ ಹೇಳಿದೆ. ಧರ್ಮೋಪದೇಶಕಾಂಡ 24ನೆಯ ಅಧ್ಯಾಯ 14, 15 ತೆಗೆಯಿರಿ. ಸ್ವಂತ ಜನವಾಗಲಿ ಪರದೇಶದವನಾಗಲಿ, ಬಡ ಕೂಲಿಯವನಿಗೆ ಸೂರ್ಯ ಮುಳುಗುವ ಮುಂಚೆ ಆ ದಿನದ ಕೂಲಿ ಕೊಡಬೇಕೆಂದು ಅಲ್ಲಿ ಅಪ್ಪಣೆಯಿದೆ. ವಿಮೋಚನಕಾಂಡ 5ನೆಯ ಅಧ್ಯಾಯ ಓದಿರಿ. ಫರೋಹನು ಹುಲ್ಲು ಕೊಡುವುದನ್ನು ನಿಲ್ಲಿಸುತ್ತಾನೆ, ಆದರೆ ಇಟ್ಟಿಗೆಯ ಲೆಕ್ಕ ಒಂದೂ ಕಡಿಮೆಯಾಗಬಾರದು ಎನ್ನುತ್ತಾನೆ. ಜನ ಕೂಗಿದರೆ, ಇವರು ಮೈಗಳ್ಳರು ಎನ್ನುತ್ತಾನೆ. ಬೇಸಗೆಯಲ್ಲಿ ಚಿಗುರಿಲ್ಲದ ಗಿಡದ ಮುಂದೆ ನಿಂತು, ಕಿಲೋ ಎಲ್ಲಿ ಎಂದು ಬೈಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಬಾಣ ನಮ್ಮ ಕಡೆಗೂ ಇದೆ

ಇಷ್ಟು ಓದಿ ಯೂನಿಯನ್ನಿನ ಸಹೋದರರು ಖುಷಿಪಟ್ಟಿರಬಹುದು. ಸ್ವಲ್ಪ ತಾಳಿರಿ. ದೊರೆಗೆ ಬೇಕಾದ ವಚನವನ್ನು ಪ್ರಸಂಗಿ ಕೊಯ್ದರೆ, ನಮಗೆ ಬೇಕಾದದ್ದನ್ನು ನಾವು ಕೊಯ್ಯುತ್ತೇವೆ. ಗೇಟ್ ಮೀಟಿಂಗಿನಲ್ಲಿ ಯಾಕೋಬನ ಪತ್ರಿಕೆ 5ನೆಯ ಅಧ್ಯಾಯದ 4ನೆಯ ವಚನವನ್ನು, ಹಿಡಿದಿಟ್ಟ ಕೂಲಿ ದೇವರಿಗೆ ಕೂಗುತ್ತದೆ ಎಂಬುದನ್ನು, ಗಂಟಲು ಹರಿಯುವಂತೆ ಹೇಳುತ್ತೇವೆ. ಅದೇ ಯಾಕೋಬನ 2ನೆಯ ಅಧ್ಯಾಯವನ್ನು ಅಲ್ಲಿ ಓದುವವರು ಯಾರು? ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ಒಳ್ಳೆಯ ಪೀಠ ಕೊಟ್ಟು ಬಡವನನ್ನು ಕಾಲ ಬಳಿ ಕೂರಿಸುವವರನ್ನು ಅವನು ಅಲ್ಲಿ ಗದರಿಸುತ್ತಾನೆ. ನಮ್ಮ ಸಭೆಗೆ ಕಾರಿನಲ್ಲಿ ಬಂದ ಮುಖಂಡರಿಗೆ ಹಾರ, ಕುರ್ಚಿ. ಎಲೆಯ ಮೂಟೆ ಹೊತ್ತು ಸೊಂಟ ಬಿದ್ದ ಅಕ್ಕಂದಿರಿಗೆ ನೆಲ. ಇದು ಯಾಕೋಬನ ಕಣ್ಣಿಗೆ ಬೀಳುವುದಿಲ್ಲವೇ?

ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷೇತೋಟದ ಸಾಮ್ಯವನ್ನು ನೋಡಿರಿ. ಒಪ್ಪಿದ ಕೂಲಿಗೆ ಗೊಣಗಬೇಡಿ ಎಂದು ಬುದ್ಧಿ ಹೇಳಲು ಕೆಲವರು ಅದನ್ನು ಎತ್ತುತ್ತಾರೆ. ಪೂರ್ತಿ ಓದಿರಿ. ಸಂಜೆಯ ಹೊತ್ತಿಗೂ ಪೇಟೆಯಲ್ಲಿ ನಿಂತಿದ್ದವರು ಸೋಮಾರಿಗಳಲ್ಲ. ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಎಂದು ಅವರೇ ಹೇಳುತ್ತಾರೆ. ತೋಟದ ಯಜಮಾನ ಅವರಿಗೂ ಇಡೀ ದಿನದ ಕೂಲಿ ಕೊಡುತ್ತಾನೆ, ಅದೇ ಸಂಜೆ ಕೊಡುತ್ತಾನೆ. ಗೊಣಗಿದವರು ಯಾರು? ಬೆಳಿಗ್ಗೆಯಿಂದ ಇದ್ದವರು. ಈಗ ನಮ್ಮ ತೋಟಗಳಿಗೆ ಝಾರ್ಖಂಡ್, ಅಸ್ಸಾಂ ಕಡೆಯಿಂದ ಜನ ಕೆಲಸಕ್ಕೆ ಬರುತ್ತಿದ್ದಾರೆ. ಅವರಿಗೂ ನಮ್ಮಷ್ಟೇ ಕೂಲಿ, ನಮ್ಮಂಥದೇ ಮನೆ ಎಂದರೆ ಕಾಯಂ ಆದ ನಾವು ಎಷ್ಟು ಗೊಣಗುತ್ತೇವೆ! ಆ ಸಾಮ್ಯದಲ್ಲಿ ನಮ್ಮ ಪಾಲಿನ ಮಾತು ಯಾರ ಬಾಯಲ್ಲಿದೆ ಎಂದು ಹುಡುಕಿ ನೋಡೋಣ.

ಮತ್ತೆ ಕೊಲೊಸ್ಸೆಗೆ ಬರೋಣ. ಅದೇ 3ನೆಯ ಅಧ್ಯಾಯದ 18ನೆಯ ವಚನ, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂಬುದು, ನಮ್ಮ ಗಂಡಸರಿಗೆ ಬಾಯಿಪಾಠ. ಸಂಬಳದ ದಿನ ಕುಡಿದು ಬಂದವನ ಬಾಯಲ್ಲೂ ಅದು ಬರುತ್ತದೆ. ಮರು ವಚನವೇ ಗಂಡನಿಗೆ ಹೇಳಿದ್ದು: ಹೆಂಡತಿಯನ್ನು ಪ್ರೀತಿಸು, ಕಠಿಣನಾಗಬೇಡ ಎಂದು. 21ನೆಯದು ತಂದೆಗೆ: ಮಕ್ಕಳನ್ನು ಕೆಣಕಿ ಅವರ ಮನಸ್ಸು ಮುರಿಯಬೇಡ ಎಂದು. ದೊರೆ 22ನೆಯ ವಚನಕ್ಕೆ ನಿಲ್ಲುತ್ತಾನೆ, ಗಂಡ 18ನೆಯದಕ್ಕೆ ನಿಲ್ಲುತ್ತಾನೆ. ಇಬ್ಬರ ಕಳ್ಳತನವೂ ಒಂದೇ. ಬೇರೆಯವರಿಗೆ ಹೇಳಿದ ಮಾತನ್ನು ನಾವು ಎತ್ತಿಕೊಂಡು, ನಮಗೆ ಹೇಳಿದ್ದನ್ನು ಗಿಡದಲ್ಲೇ ಬಿಡುವುದು.

ಆದುದರಿಂದ ಒಂದು ಸಣ್ಣ ಪರೀಕ್ಷೆ ಹೇಳುತ್ತೇವೆ. ಒಂದು ತಿಂಗಳು ಸತ್ಯವೇದ ಓದಿಯೂ ಅದು ಒಮ್ಮೆಯೂ ನಮ್ಮನ್ನೇ ಚುಚ್ಚಲಿಲ್ಲವಾದರೆ, ನಾವು ಓದಲಿಲ್ಲ, ಕೊಯ್ದೆವು ಎಂದು ತಿಳಿಯಬೇಕು.

ಹೇಳುವ ನೆಪಗಳು

ಸಮಯವಿಲ್ಲ ಎನ್ನುತ್ತಾರೆ. ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಬೆಳಿಗ್ಗೆ ಸೈರನ್‌ಗೆ ಮುಂಚೆ ಎದ್ದು ನೀರು ಹಿಡಿದು ಅಡಿಗೆ ಮಾಡಿ ಮಸ್ಟರಿಗೆ ಓಡಿ, ಸಂಜೆ ಬಂದು ಮತ್ತೆ ಒಲೆಯ ಮುಂದೆ ಕೂರುವ ಹೆಂಗಸಿಗೆ ಸಮಯ ಎಲ್ಲಿದೆ? ಆದ್ದರಿಂದ ಮೊದಲು ಗಂಡಸರು ಸೌದೆ ನೀರಿಗೆ ಕೈ ಹಾಕಲಿ. ಆ ಮನೆಯ ವೇದಾಧ್ಯಯನ ಅಲ್ಲಿಂದ ಆರಂಭವಾಗುತ್ತದೆ. ಆಮೇಲೆ ಹದಿನೈದು ನಿಮಿಷ ಸಾಕು. ಧಾರಾವಾಹಿಯ ಜಾಹೀರಾತಿಗೆ, ಫೋನಿನಲ್ಲಿ ಬೆರಳಾಡಿಸುವುದಕ್ಕೆ ನಾವು ಕೊಡುವುದು ಇದಕ್ಕಿಂತ ಹೆಚ್ಚು.

ಓದು ಬಾರದು ಎನ್ನುತ್ತಾರೆ. ಎಜ್ರನ ಕಾಲದಲ್ಲಿ ಜನರೆಲ್ಲರ ಕೈಯಲ್ಲಿ ಪುಸ್ತಕವಿತ್ತೇ? ನೆಹೆಮೀಯನ 8ನೆಯ ಅಧ್ಯಾಯದಲ್ಲಿ ಗಂಡಸರೂ ಹೆಂಗಸರೂ ಚೌಕದಲ್ಲಿ ನಿಂತು ಕೇಳಿದರು, ಓದಿದವರು ಅರ್ಥ ಬಿಡಿಸಿ ಹೇಳಿದರು. ಕೇಳುವುದೂ ಓದುವುದೇ, ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವುದಾದರೆ. ಅಜ್ಜಿಗೆ ಅಕ್ಷರ ಬಾರದು, ಆದರೆ ಆ ವಾರ ಇಡೀ ತೋಟದಲ್ಲಿ ಸರಿಯಾಗಿ ಓದಿದವರು ಅವರೊಬ್ಬರೇ.

ಮಕ್ಕಳಿಗೆ ಕನ್ನಡ ಬಾರದು ಎನ್ನುತ್ತಾರೆ. ಇದು ಗಡಿಯಾಚೆಯ ನಮ್ಮೆಲ್ಲರ ನೋವು. ಪೆಟ್ಟಿಗೆಯಲ್ಲಿ ಕನ್ನಡ ಸತ್ಯವೇದ, ಮಕ್ಕಳ ಚೀಲದಲ್ಲಿ ತಮಿಳು, ಮಲಯಾಳ ಪಾಠಪುಸ್ತಕ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ದುಡಿದ ಮೇಲೆ 1831ರಲ್ಲಿ ಇಡೀ ಸತ್ಯವೇದ ಕನ್ನಡದಲ್ಲಿ ಬಂತು. ಅಷ್ಟು ಬೆವರಿನಿಂದ ಬಂದದ್ದನ್ನು ಗೆದ್ದಲಿಗೆ ಬಿಡಬಹುದೇ? ಹೀಗೆ ಮಾಡಿರಿ: ಮಗು ತನ್ನ ಶಾಲೆಯ ಭಾಷೆಯ ಸತ್ಯವೇದ ಓದಲಿ, ದೊಡ್ಡವರು ಕನ್ನಡದ್ದನ್ನು ಓದಲಿ. ಎರಡರಲ್ಲಿ ಮಾತು ಬೇರೆಯಾದ ಕಡೆ ನಿಲ್ಲಿ. ಯಾಕೆ ಬೇರೆಯಾಯಿತು ಎಂದು ಮಾತಾಡಿ. ಮಗುವಿಗೆ ಕನ್ನಡವೂ ಬರುತ್ತದೆ, ನಮಗೆ ವಚನವೂ ತಿಳಿಯುತ್ತದೆ.

ಅರ್ಥ ಹೇಳುವುದು ಪಾಲಕರ ಕೆಲಸ, ನಮಗೇಕೆ ಎನ್ನುತ್ತಾರೆ. ಅಪೊಸ್ತಲರ ಕೃತ್ಯಗಳು 17ನೆಯ ಅಧ್ಯಾಯದ 11ನೆಯ ವಚನ ನೋಡಿರಿ. ಬೆರೋಯದವರು ಪೌಲನ ಪ್ರಸಂಗ ಕೇಳಿ, ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರಗಳನ್ನು ಶೋಧಿಸಿದರು. ಅದಕ್ಕೆ ಅವರನ್ನು ಅಧಿಕಪ್ರಸಂಗಿಗಳೆಂದು ಕರೆಯಲಿಲ್ಲ, ಸದ್ಗುಣವುಳ್ಳವರೆಂದು ಹೊಗಳಲಾಗಿದೆ. ಪೌಲನನ್ನೇ ಸರಿನೋಡಿದರೆ, ಜೀಪಿನಲ್ಲಿ ಬಂದವರನ್ನು ಸರಿನೋಡಬಾರದೇ? ಈ ಬರಹ ಬರೆದ ನಮ್ಮನ್ನೂ ಸರಿನೋಡಿರಿ. ಅದಕ್ಕಾಗಿಯೇ ಅಧ್ಯಾಯ ವಚನ ಕೊಟ್ಟಿದ್ದೇವೆ.

ಇದು ಸತ್ಯವೇದದಲ್ಲಿ ರಾಜಕೀಯ ಬೆರೆಸುವುದು ಎಂದು ಕೊನೆಗೆ ಹೇಳುತ್ತಾರೆ. ಸ್ವಾಮೀ, 3:22 ಓದಿದರೆ ಭಕ್ತಿ, 4:1 ಓದಿದರೆ ರಾಜಕೀಯವೇ?

ಹೀಗೆ ಆರಂಭಿಸೋಣ

ಆದಿಕಾಂಡದಿಂದ ಹಿಡಿದು ಯಾಜಕಕಾಂಡಕ್ಕೆ ಬಂದು ಕೈಬಿಟ್ಟವರು ನಮ್ಮಲ್ಲಿ ಬಹಳ. ಇಡೀ ಸತ್ಯವೇದ 1189 ಅಧ್ಯಾಯ; ಮೊದಲ ದಿನವೇ ಬೆಟ್ಟದ ತುದಿಗೆ ಓಡುವುದು ಬೇಡ. ಮೊದಲು ರೂತಳು, 4 ಅಧ್ಯಾಯ. ಬರಗಾಲಕ್ಕೆ ಊರು ಬಿಟ್ಟ ಕುಟುಂಬ, ಪರದೇಶದ ವಿಧವೆ, ಹೊಲದಲ್ಲಿ ಹಕ್ಕಲಾಯುವ ಹೆಂಗಸು. ಈ ಕಥೆ ನಮ್ಮ ಪಾಡಿಗೆ ಹೊಸದಲ್ಲ. ಆಮೇಲೆ ಮಾರ್ಕ, 16 ಅಧ್ಯಾಯ. ಕರ್ತನು ಯಾರ ಮನೆಗೆ ಹೋದನು, ಯಾರನ್ನು ಮುಟ್ಟಿದನು, ಯಾರ ಮೇಲೆ ಕೋಪಗೊಂಡನು ಎಂದು ನೋಡುತ್ತಾ ಹೋಗಿ. ಆಮೇಲೆ ಯಾಕೋಬ, 5 ಅಧ್ಯಾಯ. ಎಲ್ಲಾ ಕೂಡಿ 25 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಓದಿದರೆ 50 ದಿನ.

ಒಂದು ಭಾಗವನ್ನು ಎರಡು ಸಲ ಓದಿರಿ, ಎರಡನೆಯ ಸಲ ಗಟ್ಟಿಯಾಗಿ. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಹಿಂದೆ ಏನಿದೆ, ಮುಂದೆ ಏನಿದೆ, ಇದರಲ್ಲಿ ನನಗೆ ಹೇಳಿದ್ದು ಯಾವುದು ಎಂದು ಕೇಳಿರಿ. ಮಕ್ಕಳ ಹಳೆಯ ನೋಟುಪುಸ್ತಕದಲ್ಲಿ ಉಳಿದ ಹಾಳೆಗಳಲ್ಲಿ ಒಂದು ವಚನವನ್ನು ಕೈಯಾರೆ ಬರೆಯಿರಿ. ಇಸ್ರಾಯೇಲಿನ ಅರಸನು ಸಹ ಧರ್ಮಶಾಸ್ತ್ರವನ್ನು ಬರೆದುಕೊಂಡು ಜೀವಮಾನವೆಲ್ಲಾ ಓದಬೇಕು, ತನ್ನ ಸಹೋದರರಿಗಿಂತ ತಾನು ಹೆಚ್ಚೆಂದು ಗರ್ವಪಡದಿರಲಿಕ್ಕಾಗಿ, ಎಂದು ಧರ್ಮೋಪದೇಶಕಾಂಡ 17ರಲ್ಲಿದೆ. ತಿಳಿಯದ್ದಕ್ಕೆ ಪ್ರಶ್ನೆಚಿಹ್ನೆ ಹಾಕಿ. ವಾರಕ್ಕೊಂದು ಸಂಜೆ ನಾಲ್ಕು ಮನೆಯವರು ಒಂದು ಜಗಲಿಯಲ್ಲಿ ಸೇರಿ ಆ ಪ್ರಶ್ನೆಗಳನ್ನು ಮುಂದಿಡಿ. ಒಂದು ದಿನ ತಪ್ಪಿದರೆ ಅಳಬೇಡಿ, ಮರುದಿನ ಬಿಟ್ಟಲ್ಲಿಂದ ಹಿಡಿಯಿರಿ. ಗೈರುಹಾಜರಿಗೆ ಕೂಲಿ ಹಿಡಿಯುವ ದೊರೆ ನಮ್ಮ ಕರ್ತನಲ್ಲ.

ಈ ಬುಲೆಟಿನ್ ಕೈಗೆ ಬಂದ ವಾರವೇ ಒಂದು ಕೆಲಸ ಮಾಡಿರಿ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಒಟ್ಟು 95 ವಚನ. ಊರಿಂದ ಬಂದ ಕಾಗದ ಓದುವಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಮನೆಯವರೆಲ್ಲಾ ಕೂತು ಓದಿರಿ. 3ನೆಯ ಅಧ್ಯಾಯ ಮುಗಿದಾಗ ಪುಸ್ತಕ ಮುಚ್ಚಬೇಡಿ. ಅಜ್ಜಿಯಂತೆ, ಇನ್ನೂ ಅದೆ, ಮುಂದಕ್ಕೆ ಓದು ಎನ್ನಿರಿ.

ಕರ್ತನ ಸೇವೆಯಲ್ಲಿಯೂ ನಿಮ್ಮ ದುಡಿಮೆಯಲ್ಲಿಯೂ ಪಾಲುಗಾರರಾದ,
ನಿಮ್ಮ ಉಪದೇಶಿ